ಸೈಗಾನಿನ ಹಳೆಯ ಬಂಗಲೆಯಲ್ಲಿ ಊಟಕ್ಕೆ ಕೂರುವ ಬಗೆ

ವಿಯೆಟ್ನಾಮಿನ ಸೈಗಾನಿಗೆ, ಅಂದರೆ ಈಗಿನ ಹೋ ಚಿ ಮಿನ್ ನಗರಕ್ಕೆ, ಬಂದ ಮೊದಲ ವರ್ಷ, ನಮ್ಮ ಮದುವೆಯ ವಾರ್ಷಿಕ ದಿನವೆಂದು ನಾನು ಮತ್ತು ನನ್ನ ಪತಿ ಫ್ರೆಂಚರ ಕಾಲದ ಬಂಗಲೆಯೊಂದರಲ್ಲಿ ನಡೆಯುವ ದುಬಾರಿ ರೆಸ್ಟೋರೆಂಟಿಗೆ ಹೋಗಿದ್ದೆವು. ಬಿಳಿ ಮೇಜುಬಟ್ಟೆ, ಎರಡು ಜೊತೆ ಮುಳ್ಳುಚಮಚ, ಉದ್ದ ಕಾಲಿನ ಗಾಜಿನ ಲೋಟಗಳನ್ನು ನೋಡಿದ ಕೂಡಲೇ ಇದು ಫ್ರೆಂಚ್ ಊಟ ಎಂದುಕೊಂಡೆವು. ನನಗೊಂದು, ಅವರಿಗೊಂದು ಎಂದು ಒಂದೊಂದೇ ಖಾದ್ಯ ಹೇಳಿದೆವು. ನನ್ನ ಮುಂದೆ ಮಣ್ಣಿನ ಕುಡಿಕೆಯಲ್ಲಿ ಬೆಂದ ಮೀನು ಬಂದು ಕೂತಿತು. ಅವರ ಮುಂದೆ ಒಂದು ತಟ್ಟೆ ಬೆಳ್ಳುಳ್ಳಿ ಸೊಪ್ಪಿನ ಪಲ್ಯ. ಮೀನಿನಲ್ಲಿ ಉಪ್ಪು, ಸಿಹಿ, ಕಾಳುಮೆಣಸು ಮೂರೂ ಎಷ್ಟು ಗಾಢವಾಗಿದ್ದವೆಂದರೆ ಎರಡನೆಯ ತುತ್ತು ಇಳಿಯಲಿಲ್ಲ. ಪಕ್ಕದಲ್ಲಿ ಅನ್ನವಿರಲಿಲ್ಲ, ಏಕೆಂದರೆ ನಾವು ಅನ್ನ ಹೇಳಿರಲಿಲ್ಲ.

ಮರುದಿನ ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದೆ. ಅವರನ್ನು ನಾನು ‘ಚಿ’ ಎಂದು ಕರೆಯುತ್ತೇನೆ. ಚಿ ಎಂದರೆ ಅಕ್ಕ. “ಅದು ಕಾ ಖೋ ತೋ ಅಲ್ಲವೇ? ಅದನ್ನು ಅನ್ನವಿಲ್ಲದೆ ಯಾರು ತಿನ್ನುತ್ತಾರೆ?” ಎಂದರು. ಬರೀ ಗೊಜ್ಜನ್ನು ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ತಿಂದಂತಾಗಿತ್ತು ನಮ್ಮ ಊಟ. ಮುಂದಿನ ಸಲ ಅವರೇ ಜೊತೆಗೆ ಬಂದರು. ಆಮೇಲಿನ ಆರು ವರ್ಷಗಳಲ್ಲಿ ಇಂಥ ಮನೆಗಳಿಗೆ ಅತಿಥಿಗಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನದೇ ಆಗಿಬಿಟ್ಟಿದೆ. ಚಿ ಅವರಿಂದ ಕಲಿತದ್ದನ್ನೂ ನಾನು ಕಂಡುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದೇ: ಇಂಥ ಕಡೆ ಕೋಣೆ ಫ್ರೆಂಚರದ್ದು, ಊಟ ವಿಯೆಟ್ನಾಮಿನವರದ್ದು. ಮೇಜಿನ ಅಲಂಕಾರಕ್ಕೆ ಹೆದರಿ ಹಂಚಿಕೊಂಡು ತಿನ್ನುವುದನ್ನು ಬಿಟ್ಟರೆ ಆ ಅಡುಗೆ ನಿಮಗೆ ದಕ್ಕುವುದಿಲ್ಲ.

ಹೋಗುವ ಮೊದಲು

ಹಳೆಯ ಕಾಲವನ್ನು ನೆನಪಿಸುವ ರೆಸ್ಟೋರೆಂಟುಗಳಲ್ಲಿ ಇಲ್ಲಿ ಎರಡು ಬಗೆ ಇವೆ. ಎರಡನ್ನೂ ಬೆರೆಸಬೇಡಿ. ಒಂದು ‘ದೋಂಗ್ ಯುವೊಂಗ್’, ಅಂದರೆ ಇಂಡೋಚೈನಾ ಶೈಲಿ. ಫ್ರೆಂಚರು ಸೈಗಾನನ್ನು ಹಿಡಿದದ್ದು 1859ರಲ್ಲಿ, ಫ್ರೆಂಚ್ ಇಂಡೋಚೈನಾ ಎಂಬ ಒಕ್ಕೂಟ ರಚನೆಯಾದದ್ದು 1887ರಲ್ಲಿ, ಅವರ ಆಳ್ವಿಕೆ ಮುಗಿದದ್ದು 1954ರಲ್ಲಿ. ಹಳದಿ ಗೋಡೆ, ಹಸಿರು ಕಿಟಕಿ, ಬೆತ್ತದ ಕುರ್ಚಿ, ಛಾವಣಿಯ ಫ್ಯಾನು ಈ ಬಗೆಯ ಗುರುತುಗಳು. ಇನ್ನೊಂದು ‘ಬಾವ್ ಕಾಪ್’ ಶೈಲಿ. ಅದು 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಬರುವವರೆಗಿನ ಪಡಿತರದ ಕಾಲದ ನೆನಪು: ಚುಕ್ಕೆ ಎದ್ದ ಎನಾಮಲ್ ತಟ್ಟೆಗಳು, ಪಡಿತರ ಚೀಟಿಗಳು, ಹಳೆಯ ಹೊಲಿಗೆ ಯಂತ್ರ. ಅಲ್ಲಿನ ಊಟ ಸರಳ, ಬೆಲೆಯೂ ಕಡಿಮೆ. ನಾನು ಬರೆಯುತ್ತಿರುವುದು ಮೊದಲನೆಯದರ ಬಗ್ಗೆ.

ಇಂಥ ಬಂಗಲೆಗಳು ಹೆಚ್ಚಾಗಿ ಇರುವುದು ಒಂದನೆಯ ಮತ್ತು ಮೂರನೆಯ ಜಿಲ್ಲೆಗಳಲ್ಲಿ. ಹೋ ಚಿ ಮಿನ್ ನಗರದಲ್ಲಿ ಜಿಲ್ಲೆಗಳ ಆಡಳಿತ 2025ರ ಜುಲೈಯಲ್ಲಿ ರದ್ದಾಯಿತು, ಆದರೆ ಜನರ ಬಾಯಲ್ಲಿ ಇನ್ನೂ ‘ಕ್ವಾನ್ ಬಾ’, ಅಂದರೆ ಮೂರನೇ ಜಿಲ್ಲೆ, ಉಳಿದುಕೊಂಡಿದೆ. ವಿಳಾಸ ಕೇಳಿದರೆ ಹಾಗೆಯೇ ಹೇಳುತ್ತಾರೆ. ಮೇಜು ಕಾಯ್ದಿರಿಸುವುದನ್ನು ಫೋನಿನಲ್ಲೋ ಇಲ್ಲಿನವರೆಲ್ಲ ಬಳಸುವ ಜಾಲೋ ಆ್ಯಪಿನಲ್ಲೋ ಮಾಡಬಹುದು. ತೆತ್ ಹಬ್ಬದ ದಿನಗಳಲ್ಲಿ, ಅಂದರೆ ಚಾಂದ್ರಮಾನ ಹೊಸವರ್ಷದ ಆಸುಪಾಸಿನಲ್ಲಿ, ಎಷ್ಟೋ ಕಡೆ ಬಾಗಿಲು ಹಾಕಿರುತ್ತದೆ. ಕೇಳಿಯೇ ಹೊರಡಿ.

ಸಂಜೆಯಾದರೆ ಆರೂವರೆಗೇ ಹೋಗಿ. ವಿಯೆಟ್ನಾಮಿನವರು ಬೇಗ ಉಣ್ಣುವವರು. ಒಂಬತ್ತಕ್ಕೆ ಹೋದರೆ ಅಡುಗೆಮನೆಯ ಉತ್ಸಾಹ ಮುಗಿದಿರುತ್ತದೆ. ಆದರೆ ನನ್ನನ್ನು ಕೇಳಿದರೆ ಮೊದಲ ಸಲ ಮಧ್ಯಾಹ್ನವೇ ಹೋಗಿ ಎನ್ನುತ್ತೇನೆ. ಹಲವು ಕಡೆ ಮಧ್ಯಾಹ್ನಕ್ಕೆ ನಿಗದಿತ ಊಟವಿರುತ್ತದೆ, ಅದು ಅಗ್ಗ. ಅದಕ್ಕಿಂತ ಮುಖ್ಯವಾಗಿ, ಕಿಟಕಿಯ ಅಡ್ಡಪಟ್ಟಿಗಳ ನಡುವೆ ಬಿಸಿಲು ಗೆರೆಗೆರೆಯಾಗಿ ನೆಲಕ್ಕೆ ಬೀಳುವುದನ್ನು ನೋಡದೆ ಆ ಮನೆಗಳನ್ನು ನೋಡಿದಂತಾಗುವುದಿಲ್ಲ. ಮೇಜು ಕೇಳುವಾಗ ‘ಮೇಲಿನ ಮಹಡಿ, ಒಳಾಂಗಳದ ಕಡೆ’ ಎಂದು ಹೇಳಿ. ಬೀದಿಯ ಕಡೆ ಕೂತರೆ ಮೋಟಾರು ಬೈಕುಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ.

ಉಡುಪಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಉದ್ದ ಪ್ಯಾಂಟು ಮತ್ತು ಮುಚ್ಚಿದ ಚಪ್ಪಲಿ ಸಾಕು. ಚಡ್ಡಿ ಮತ್ತು ರಬ್ಬರ್ ಚಪ್ಪಲಿ ಬೇಡ. ಹೆಂಗಸರು ಹತ್ತಿಯ ಸೀರೆ ಉಟ್ಟು ಹೋದರೆ ಬಡಿಸುವ ಹುಡುಗಿಯರು ಬಂದು ಸೆರಗು ಮುಟ್ಟಿ ನೋಡುತ್ತಾರೆ, ಪ್ರೀತಿಯಿಂದ.

ಕೋಣೆಯನ್ನು ನೋಡುವುದು

ಕೂತ ಕೂಡಲೇ ಮೆನು ತೆರೆಯಬೇಡಿ. ಐದು ನಿಮಿಷ ಸುತ್ತ ನೋಡಿ. ನಾನು ಮೊದಲು ನೋಡುವುದು ನೆಲವನ್ನು. ಹೂಬಳ್ಳಿಯ, ಚೌಕುಳಿಯ ಆ ಟೈಲ್ಸಿಗೆ ಇಲ್ಲಿ ‘ಗಾಚ್ ಬೋಂಗ್’ ಎನ್ನುತ್ತಾರೆ, ಹೂವಿನ ಇಟ್ಟಿಗೆ ಎಂದು ಅರ್ಥ. ಇವನ್ನು ಸುಡುವುದಿಲ್ಲ. ಅಚ್ಚಿನಲ್ಲಿ ಬಣ್ಣದ ಸಿಮೆಂಟ್ ಸುರಿದು ಒತ್ತಿ ಮಾಡುತ್ತಾರೆ. ಬಣ್ಣ ಇರುವುದು ಮೇಲಿನ ಕೆಲವೇ ಮಿಲಿಮೀಟರಿನಲ್ಲಿ. ಆದ್ದರಿಂದ ನೆಲ ನಿಜಕ್ಕೂ ಹಳೆಯದೋ ನಿನ್ನೆ ಹಾಕಿದ್ದೋ ಎಂದು ತಿಳಿಯಲು ಬಾಗಿಲಿನಿಂದ ಮೆಟ್ಟಿಲವರೆಗಿನ ದಾರಿಯನ್ನು ನೋಡಬೇಕು. ಹಳೆಯದಾದರೆ ಆ ದಾರಿ ಸವೆದು ಮಂಕಾಗಿರುತ್ತದೆ, ಗೋಡೆಯ ಪಕ್ಕದ ಕಪಾಟಿನ ಕೆಳಗೆ ಅದೇ ಹೂವು ಗಾಢ ಕೆಂಪಾಗಿ ಉಳಿದಿರುತ್ತದೆ.

ಆಮೇಲೆ ಕಿಟಕಿ, ಬಾಗಿಲು. ಬಾಗಿಲ ಮೇಲಿನ ಜಾಲರಿ, ಎತ್ತರದ ಛಾವಣಿ, ಓರೆ ಪಟ್ಟಿಗಳ ಕಿಟಕಿ ಇವೆಲ್ಲ ಅಂದಕ್ಕೆ ಮಾಡಿದವಲ್ಲ. ಹವಾನಿಯಂತ್ರಣವಿಲ್ಲದ ಕಾಲದಲ್ಲಿ ಸೆಕೆಯನ್ನು ಮೇಲಕ್ಕೆ ಹತ್ತಿಸಿ, ಮಳೆಯನ್ನು ಹೊರಗಿಟ್ಟು, ಗಾಳಿಯನ್ನಷ್ಟೇ ಒಳಗೆ ಬಿಡುವ ಉಪಾಯ ಅದು.

ಗೋಡೆಯಲ್ಲಿ ಕಪ್ಪು–ಕೆಂಪು–ಹೊಂಬಣ್ಣದ ಚಿತ್ರವಿದ್ದರೆ ಹತ್ತಿರ ಹೋಗಿ. ಅದು ‘ಸೋನ್ ಮಾಯ್’. ಮರದ ರಸದಿಂದ ತೆಗೆದ ಮೆರುಗನ್ನು ಪದರ ಪದರವಾಗಿ ಬಳಿದು, ಪ್ರತಿ ಪದರವನ್ನೂ ನೀರು ಹಾಕಿ ಉಜ್ಜುತ್ತಾರೆ. ‘ಮಾಯ್’ ಎಂದರೆ ಉಜ್ಜುವುದು, ಅರೆಯುವುದು. ಆ ಮೆರುಗಿನಲ್ಲಿ ಒಳ್ಳೆಯ ಬಿಳಿ ಬಣ್ಣ ಬರುವುದಿಲ್ಲವಾದ್ದರಿಂದ ಬಿಳಿ ಬೇಕಾದಲ್ಲಿ ಮೊಟ್ಟೆಯ ಚಿಪ್ಪನ್ನು ಚೂರು ಚೂರಾಗಿ ಕೂರಿಸುತ್ತಾರೆ. ನಿಲುವಂಗಿಯ ಹುಡುಗಿಯ ಚಿತ್ರದಲ್ಲಿ ಆ ಬಿಳಿಯ ಬಿರುಕುಗಳನ್ನು ಹುಡುಕಿ. ದೇವರ ಪೀಠಕ್ಕೂ ಪೆಟ್ಟಿಗೆಗೂ ಬಳಸುತ್ತಿದ್ದ ಈ ಕೆಲಸ ಚಿತ್ರಕಲೆಯಾಗಿ ಬೆಳೆದದ್ದು ಹನೋಯಿಯಲ್ಲಿ 1925ರಲ್ಲಿ ಶುರುವಾದ ಇಂಡೋಚೈನಾ ಲಲಿತಕಲಾ ಶಾಲೆಯ ವಿದ್ಯಾರ್ಥಿಗಳ ಕೈಯಲ್ಲಿ. ಶಾಲೆ ಫ್ರೆಂಚ್ ಕಲಾವಿದ ವಿಕ್ಟರ್ ತಾರ್ದಿಯೋ ಕಟ್ಟಿದ್ದು, ಕೈ ವಿಯೆಟ್ನಾಮಿನದ್ದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಆ ಕಾಲ ಎಷ್ಟು ಸುಂದರವಾಗಿತ್ತು’ ಎಂದು ಜೊತೆಗಿರುವ ವಿಯೆಟ್ನಾಮಿನವರ ಎದುರು ಉದ್ಗರಿಸಬೇಡಿ. ನಾನು ಹಾಗೆ ಹೇಳಿದಾಗ ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಪ್ಪಲಿ ಕಳಚಿ ಪಾದವನ್ನು ಆ ಹೂವಿನ ಟೈಲ್ಸಿನ ಮೇಲೆ ಇಟ್ಟು, “ನಮ್ಮ ಅಜ್ಜಿಯ ಮನೆಯಲ್ಲೂ ಇದೇ ನೆಲ. ಹೀಗೇ ತಣ್ಣಗಿರುತ್ತಿತ್ತು” ಎಂದರು. ಅವರ ಅಜ್ಜಿ ಉತ್ತರದ ನಾಮ್ ದಿನ್‌ನವರು, 1954ರಲ್ಲಿ ದೇಶ ಎರಡಾದಾಗ ದಕ್ಷಿಣಕ್ಕೆ ಬಂದವರು. 1945ರ ಕ್ಷಾಮದಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಲಕ್ಷಾಂತರ ಜನ ಸತ್ತಾಗ ಬದುಕಿ ಉಳಿದವರು. ಜೀವ ಇರುವವರೆಗೂ ಬಟ್ಟಲಿನಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲವಂತೆ. ಈ ಬಂಗಲೆಗಳಲ್ಲಿ ಆಗ ಮೇಜಿಗೆ ಕೂರುತ್ತಿದ್ದವರು ಒಬ್ಬರು, ಬಡಿಸುತ್ತಿದ್ದವರು ಇನ್ನೊಬ್ಬರು. ಈಗ ಅದೇ ಬಡಿಸಿದವರ ಮೊಮ್ಮಕ್ಕಳು ಬಂದು ಹುಟ್ಟುಹಬ್ಬ ಆಚರಿಸುತ್ತಾರೆ. ನೆಲದ ಅಂದವನ್ನು ಮೆಚ್ಚಿಕೊಳ್ಳಿ, ಕಿಟಕಿಯನ್ನು ಮೆಚ್ಚಿಕೊಳ್ಳಿ. ಕಾಲವನ್ನು ಮೆಚ್ಚಿಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ಸಮಯವಿದ್ದರೆ ಊಟಕ್ಕೆ ಮೊದಲು ದೋಂಗ್ ಖೋಯ್ ಬೀದಿಯಲ್ಲಿ ನಡೆದು ಬನ್ನಿ. ಒಂದು ತುದಿಯ ಹತ್ತಿರ 1891ರ ಅಂಚೆ ಕಚೇರಿ, ನಡುವೆ 1900ರ ನಾಟಕಶಾಲೆ, ಪಕ್ಕದಲ್ಲಿ 1880ರ ಕಾಂಟಿನೆಂಟಲ್ ಹೋಟೆಲ್. ಫ್ರೆಂಚರು ಇದನ್ನು ಕಾತಿನಾ ಬೀದಿ ಎಂದರು. ಅವರು ಹೋದ ಮೇಲೆ ‘ತು ಯೋ’, ಅಂದರೆ ಸ್ವಾತಂತ್ರ್ಯ ಬೀದಿಯಾಯಿತು. 1975ರ ನಂತರ ದೋಂಗ್ ಖೋಯ್, ಅಂದರೆ ಒಟ್ಟಾಗಿ ಏಳುವುದು. ಇಷ್ಟು ನೋಡಿ ಬಂದರೆ ಊಟದ ಮನೆಯ ಗೋಡೆಯ ಮೇಲಿನ ಕಪ್ಪು–ಬಿಳುಪು ಫೋಟೋಗಳು ಸುಮ್ಮನೆ ನೇತಾಡುವ ಫೋಟೋಗಳಾಗಿ ಕಾಣುವುದಿಲ್ಲ.

ಮೆನು ಓದುವುದು, ಊಟ ಹೇಳುವುದು

ಮೆನುವಿನ ಅರ್ಧ ಪದಗಳು ಕಿವಿಗೆ ಪರಿಚಿತವಾಗಿಯೇ ಇರುತ್ತವೆ. ಕಾ ಫೆ, ಪಾ ತೆ, ಕಾ ರೋತ್, ಸೋತ್ (ಸಾಸ್), ಬೋ (ಫ್ರೆಂಚಿನ ಬೆಣ್ಣೆ), ಫೋ ಮಾಯ್ (ಗಿಣ್ಣು), ವಾಂಗ್ (ದ್ರಾಕ್ಷಾರಸ). ಸೋತ್ ವಾಂಗ್ ಎಂದು ಬರೆದಿದ್ದರೆ ವೈನಿನಲ್ಲಿ ಬೆಂದದ್ದು. ಇವೆಲ್ಲ ಫ್ರೆಂಚ್ ಪದಗಳು ವಿಯೆಟ್ನಾಮಿನ ನಾಲಗೆಯಲ್ಲಿ ಉರುಟಾದವು. ನನಗೆ ತುಂಬ ಇಷ್ಟವಾದದ್ದು ‘ತಾಯ್’ ಎಂಬ ಪದ. ಪಡುವಣ ಎಂದು ಅರ್ಥ. ಆಲೂಗಡ್ಡೆ ‘ಖೋಯಿ ತಾಯ್’, ಪಡುವಣದ ಗೆಣಸು. ಈರುಳ್ಳಿ ‘ಹಾನ್ ತಾಯ್’. ಆಸ್ಪರಾಗಸ್ ‘ಮಾಂಗ್ ತಾಯ್’, ಪಡುವಣದ ಕಳಲೆ. ಹೊರಗಿನಿಂದ ಬಂದದ್ದಕ್ಕೆಲ್ಲ ನಾವು ಸೀಮೆ ಸೇರಿಸಿ ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ ಎಂದ ಹಾಗೆಯೇ. ಮೆನುವಿನಲ್ಲಿ ‘ತಾಯ್’ ಕಂಡಲ್ಲೆಲ್ಲ ‘ಸೀಮೆ’ ಎಂದು ಓದಿಕೊಳ್ಳಿ, ಅರ್ಧ ಮೆನು ಬಿಡಿಸಿಕೊಳ್ಳುತ್ತದೆ. ಏಡಿ ಮತ್ತು ಮಾಂಗ್ ತಾಯ್ ಹಾಕಿದ ಸಾರು ಇಲ್ಲಿನ ಮದುವೆ ಊಟದಲ್ಲೂ ಇರುತ್ತದೆ. ಎರಡು ಅಡುಗೆಗಳು ಎಲ್ಲಿ ಕೂಡಿದವು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಬಟ್ಟಲು ಇಲ್ಲ.

ಈಗ ಹೇಳುವ ಕ್ರಮ. ನಾಲ್ಕು ಜನರಿದ್ದರೆ ನಾಲ್ಕು ಊಟ ಹೇಳಬೇಡಿ. ಮೇಜಿನ ನಡುವೆ ಇಡಲು ಹೇಳಿ: ಸುತ್ತಿ ತಿನ್ನುವಂಥದ್ದು ಒಂದು, ಕೋಸಂಬರಿಯಂಥ ‘ಗೋಯ್’ ಒಂದು (ತಾವರೆ ದಂಟಿನದ್ದು ಅಥವಾ ಚಕ್ಕೋತದ್ದು), ಗಾಢ ರುಚಿಯ ಮೀನು ಅಥವಾ ಕೋಳಿ ಒಂದು, ಹುರಿದ ಸೊಪ್ಪು ಒಂದು, ತಿಳಿಸಾರು ‘ಕಾನ್’ ಒಂದು. ಮರೆಯದೆ ಬಿಳಿ ಅನ್ನ. ಗಾಢವಾದದ್ದಕ್ಕೆ ತಿಳಿಯಾದದ್ದು, ಹುಳಿಗೆ ಸಿಹಿ, ಎಣ್ಣೆಗೆ ಹಸಿ ಸೊಪ್ಪು ಜೊತೆಯಾಗಬೇಕು. ಇದರ ಮಧ್ಯೆ ಫ್ರೆಂಚ್ ಕಡೆಯದ್ದು ಒಂದನ್ನು ಸೇರಿಸಿ, ಎರಡು ಬೇಡ. ಕಿತ್ತಳೆ ರಸದಲ್ಲಿ ಬೆಂದ ಬಾತುಕೋಳಿ ಸಿಕ್ಕರೆ ಅದನ್ನೇ ಆರಿಸಿ. ಫ್ರೆಂಚರ ಖಾದ್ಯವೇ, ಆದರೆ ಇಲ್ಲಿ ಅದರೊಳಗೆ ಚಕ್ರಮೊಗ್ಗೂ ಮೀನಿನ ರಸವೂ ಸೇರಿ ಬೇರೆಯೇ ಆಗಿದೆ. ಜೊತೆಗೆ ಬರುವ ಗರಿಗರಿ ಬ್ರೆಡ್ಡಿನಿಂದ ತಟ್ಟೆಯ ರಸವನ್ನು ಒರೆಸಿ ತಿನ್ನಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ಬಡಿಸುವವರು ಕೇಳದಿದ್ದರೂ ನೀವೇ ಹೇಳಿ: ಎಲ್ಲವನ್ನೂ ಒಟ್ಟಿಗೆ ತರಬೇಕೋ, ಒಂದೊಂದಾಗಿ ತರಬೇಕೋ. ಫ್ರೆಂಚ್ ಪದ್ಧತಿ ಒಂದೊಂದಾಗಿ, ವಿಯೆಟ್ನಾಮಿನದ್ದು ಒಟ್ಟಿಗೆ. ನಾನು ಸುತ್ತುವುದನ್ನೂ ಗೋಯ್‌ಯನ್ನೂ ಮೊದಲು ತರಿಸಿ, ಉಳಿದದ್ದನ್ನು ಅನ್ನದ ಜೊತೆ ಒಟ್ಟಿಗೆ ತರಿಸುತ್ತೇನೆ.

ಮೆನುವಿನಲ್ಲಿ ‘ಕಾ ರಿ ಗಾ’, ಅಂದರೆ ‘ಕರಿ’ ಎಂಬ ಹೆಸರಿನದೇ ಕೋಳಿ ಸಾರು, ಕಂಡರೆ ನಮ್ಮ ಕಡೆಯವರು ಆಶ್ಚರ್ಯಪಡುತ್ತಾರೆ. ಫ್ರೆಂಚರ ಕೈಯಲ್ಲಿದ್ದ ಪುದುಚೇರಿಯಿಂದ ತಮಿಳರು ವ್ಯಾಪಾರಕ್ಕೂ ನೌಕರಿಗೂ ಸೈಗಾನಿಗೆ ಬಂದಿದ್ದರು. ತ್ರುವೊಂಗ್ ದಿನ್ ಬೀದಿಯಲ್ಲಿ ಅವರು ಕಟ್ಟಿದ ಮಾರಿಯಮ್ಮನ ಗುಡಿ ಇಂದಿಗೂ ಇದೆ, ಅಲ್ಲಿಗೆ ಬಂದು ಊದುಬತ್ತಿ ಹಚ್ಚುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಆ ಸಾರಿಗೆ ತೆಂಗಿನ ಹಾಲು, ನಿಂಬೆಹುಲ್ಲು, ಗೆಣಸು ಸೇರಿ, ಪಕ್ಕಕ್ಕೆ ಫ್ರೆಂಚ್ ಬ್ರೆಡ್ಡು ಬಂದು ಕೂತಿದೆ. ಖಾರ ನಮ್ಮ ಲೆಕ್ಕಕ್ಕೆ ಏನೂ ಇಲ್ಲ. ಆದರೂ ಒಮ್ಮೆ ತಿನ್ನಲೇಬೇಕಾದದ್ದು.

ಸುತ್ತುವುದು, ಅದ್ದುವುದು

ಕಳೆದ ವರ್ಷ ನಮ್ಮ ಅತ್ತೆ ಬಂದಿದ್ದರು. ಪೂರ್ಣ ಸಸ್ಯಾಹಾರಿ. ಅವರಿಗಾಗಿ ಮೊದಲೇ ಫೋನು ಮಾಡಿ ಅಣಬೆ ಹಾಕಿದ ‘ಬಾನ್ ಸೆಓ’ ಹೇಳಿದ್ದೆ. ಅಕ್ಕಿ ಹಿಟ್ಟು, ಅರಿಸಿನ, ತೆಂಗಿನ ಹಾಲು ಕಲಸಿ ಕಾದ ಬಾಣಲೆಗೆ ಹುಯ್ಯುವ ತೆಳು ದೋಸೆ ಅದು. ‘ಸೆಓ’ ಎಂಬುದು ಹಿಟ್ಟು ಬಿದ್ದಾಗ ಏಳುವ ಸದ್ದು, ನಮ್ಮ ‘ಚುಂಯ್’. ಅರ್ಥ ಹೇಳಿದ ಕೂಡಲೇ ಅತ್ತೆಯ ಸಂಕೋಚ ಹೋಯಿತು. “ದೋಸೆಯೇ ತಾನೆ? ತಾ” ಎಂದರು. ಆದರೆ ಮುಳ್ಳುಚಮಚ ಕೈಗೆತ್ತಿಕೊಂಡರು, ಏಕೆಂದರೆ ಮೇಜಿನ ಮೇಲೆ ಅದಿತ್ತು. ಬಡಿಸುವ ಹುಡುಗಿ ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿ ಹೀಗೆ ತೋರಿಸಿದಳು.

ಅಂಗೈಯಗಲದ ಸಾಸಿವೆ ಸೊಪ್ಪಿನ ಎಲೆ ತೆಗೆದುಕೊಳ್ಳಬೇಕು. ಎಳೆಯದು ಬೇಡ, ಮೂಗಿಗೆ ಸ್ವಲ್ಪ ಘಾಟು ಹೊಡೆಯುವಂಥದ್ದೇ ಇರಲಿ. ಅದರ ಮೇಲೆ ಮುರಿದ ದೋಸೆಯ ಒಂದು ತುಂಡು, ಗರಿಗರಿ ಅಂಚೂ ಮೆತ್ತನೆಯ ನಡುವೂ ಎರಡೂ ಬರುವಂತೆ. ಅದರ ಮೇಲೆ ಒಂದೆರಡು ಪುದೀನ ಎಲೆ, ಒಂದು ನೇರಳೆ ಬಣ್ಣದ ‘ತಿಯಾ ತೋ’ ಎಲೆ, ಒಂದು ತುಳಸಿ ಜಾತಿಯ ‘ಹುಂಗ್ ಕ್ವೆ’. ಎಲ್ಲ ಸೊಪ್ಪನ್ನೂ ಒಟ್ಟಿಗೆ ತುಂಬಬೇಡಿ, ಪ್ರತಿ ಸುರುಳಿಗೂ ಸೊಪ್ಪು ಬದಲಾಗಲಿ, ಆಗ ಪ್ರತಿ ತುತ್ತೂ ಬೇರೆ. ಬೀಡಾ ಮಡಿಸುವ ಬೆರಳುಗಳಿಗೆ ಇದು ಕಷ್ಟವೇ ಅಲ್ಲ. ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಮಾತ್ರ ರಸದಲ್ಲಿ ಅದ್ದಿ, ಆ ತುದಿಯಿಂದಲೇ ಕಚ್ಚಬೇಕು. ಪೂರ್ತಿ ಮುಳುಗಿಸಿದರೆ ಎಲೆ ಜಾರಿ ಬಿಚ್ಚಿಕೊಳ್ಳುತ್ತದೆ. ಅತ್ತೆ ಮೂರನೆಯದನ್ನು ಸುತ್ತಿ ನನ್ನ ಬಟ್ಟಲಿಗೆ ಇಟ್ಟರು. ಆ ಬಿಳಿ ಮೇಜುಬಟ್ಟೆಯ ಮೇಲೆ ಅರಿಸಿನದ ಎಣ್ಣೆ ಬಿದ್ದಿತ್ತು, ಯಾರೂ ಅದನ್ನು ಗಮನಿಸಲಿಲ್ಲ.

ಅಕ್ಕಿಯ ಹಾಳೆಯಲ್ಲಿ ಸುತ್ತುವುದಾದರೆ ಹಾಳೆಯನ್ನು ನೀರಿನಲ್ಲಿ ನೆನೆಸಬೇಡಿ, ತೇವ ಮಾಡಿದರೆ ಸಾಕು. ಕೈಗೆತ್ತಿದಾಗ ಇನ್ನೂ ಸ್ವಲ್ಪ ಗಡಸಾಗಿರಬೇಕು, ತರಕಾರಿ ಇಡುವಷ್ಟರಲ್ಲಿ ತಾನೇ ಮೆತ್ತಗಾಗುತ್ತದೆ.

ಅದ್ದುವ ರಸದ ಬಗ್ಗೆ ಒಂದು ಮಾತು. ಅದರ ಜೀವ ‘ನುವೊಕ್ ಮಾಮ್’, ಮೀನಿನ ರಸ. ಸಣ್ಣ ಕಾ ಕೋಮ್ ಮೀನನ್ನು ಉಪ್ಪಿನೊಂದಿಗೆ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ ಸುಮಾರು ಒಂದು ವರ್ಷ ಬಿಟ್ಟು ಇಳಿಸುವ ತಿಳಿ. ಫು ಕ್ವೋಕ್ ದ್ವೀಪದ್ದು ಹೆಸರುವಾಸಿ. ಮೇಜಿಗೆ ಬರುವುದು ಬರೀ ಆ ರಸವಲ್ಲ, ನೀರು, ಸಕ್ಕರೆ, ನಿಂಬೆ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿ ಹದಮಾಡಿದ್ದು. ಒಳ್ಳೆಯ ಮನೆಯಲ್ಲಿ ಬೆಳ್ಳುಳ್ಳಿ ಮತ್ತು ಮೆಣಸಿನ ಚೂರು ಮೇಲೆ ತೇಲುತ್ತಿರುತ್ತದೆ. ಪ್ರತಿ ಖಾದ್ಯದ ಜೊತೆ ಬರುವ ಬಟ್ಟಲು ಬೇರೆ ಬೇರೆ. ಎಲ್ಲವನ್ನೂ ಒಂದೇ ಬಟ್ಟಲಿಗೆ ಅದ್ದಬೇಡಿ, ಯಾವುದು ಯಾವುದಕ್ಕೆ ಎಂದು ಕೇಳಿ. ನನ್ನ ತೀರ್ಮಾನ ಹೇಳುವುದಾದರೆ, ರೆಸ್ಟೋರೆಂಟು ಒಳ್ಳೆಯದೋ ಅಲ್ಲವೋ ಎಂಬುದನ್ನು ಆ ಬಟ್ಟಲಿನಲ್ಲಿ ಚಾಪ್‌ಸ್ಟಿಕ್‌ನ ತುದಿ ಅದ್ದಿ ನೆಕ್ಕಿ ತಿಳಿಯುತ್ತೇನೆ. ಬರೀ ಸಿಹಿಯಾಗಿದ್ದರೆ ಪ್ರವಾಸಿಗರಿಗೆಂದು ಮಾಡಿದ್ದು.

ಸಸ್ಯಾಹಾರಿಗಳಿಗೆ

‘ಚಾಯ್’ ಎಂಬ ಪದವನ್ನು ನೆನಪಿಡಿ. ನಮ್ಮ ಕಿವಿಗೆ ಚಹಾ ಎಂದು ಕೇಳಿದರೂ ಇಲ್ಲಿ ಅದರ ಅರ್ಥ ಸಸ್ಯಾಹಾರ. ‘ತೋಯ್ ಆನ್ ಚಾಯ್’ ಎಂದರೆ ನಾನು ಸಸ್ಯಾಹಾರಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನಲ್ಲಿ, ಬೌದ್ಧರು ಅನೇಕರು ಮಾಂಸ ಬಿಡುತ್ತಾರೆ. ಆದ್ದರಿಂದ ಇದು ಇಲ್ಲಿ ವಿಚಿತ್ರವೇನಲ್ಲ. ಕಟ್ಟುನಿಟ್ಟಿನ ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಅತ್ತೆಗೆ ಇದು ತುಂಬ ಹಿಡಿಸಿತು.

ಆದರೆ ಬರೀ ಚಾಯ್ ಎಂದರೆ ಇಂಥ ರೆಸ್ಟೋರೆಂಟುಗಳಲ್ಲಿ ಸಾಲದು. ಅಡುಗೆಯವರು ಮಾಂಸ ತೆಗೆಯುತ್ತಾರೆ, ನುವೊಕ್ ಮಾಮ್ ಬಿಡುವುದು ಮರೆಯುತ್ತಾರೆ. ಅದು ಅವರಿಗೆ ಉಪ್ಪಿನ ಸಮಾನ. ‘ಖೋಂಗ್ ನುವೊಕ್ ಮಾಮ್’ ಎಂದು ಬೇರೆಯಾಗಿ ಹೇಳಿ. ಖೋಂಗ್ ಎಂದರೆ ಇಲ್ಲ, ಬೇಡ. ಅದರ ಬದಲು ಸೋಯಾ ರಸ ಕೇಳಿ, ಹೆಸರು ‘ನುವೊಕ್ ತುವೊಂಗ್’. ಹುರಿದ ಸೊಪ್ಪಿಗೆ ಸಿಂಪಿಯ ಸಾಸ್ ಹಾಕುವುದುಂಟು, ತಿಳಿಸಾರಿಗೆ ಮೂಳೆಯ ರಸ ಇರುತ್ತದೆ, ಫ್ರೆಂಚ್ ಈರುಳ್ಳಿ ಸೂಪಿನ ಬುಡದಲ್ಲಿ ದನದ ಮಾಂಸದ ರಸ ಇರುತ್ತದೆ. ತಾವರೆ ದಂಟಿನ ಗೋಯ್‌ಯಲ್ಲಿ ಸಿಗಡಿ, ಹಂದಿ ಎರಡೂ ಇರುವುದೇ ವಾಡಿಕೆ. ಮೊಟ್ಟೆ ಬೇಡವಾದರೆ ‘ಖೋಂಗ್ ತ್ರುಂಗ್’ ಎನ್ನಿ. ದನದ ಮಾಂಸ ತಿನ್ನದವರು ‘ಖೋಂಗ್ ಆನ್ ಥಿತ್ ಬೋ’ ಎಂದು ಮೊದಲೇ ತಿಳಿಸಬೇಕು, ಏಕೆಂದರೆ ದನದ ಮಾಂಸದ ತುಂಡುಗಳನ್ನು ಹುರಿದ ‘ಬೋ ಲುಕ್ ಲಾಕ್’ ಇಂಥ ಮನೆಗಳ ಹೆಮ್ಮೆಯ ಖಾದ್ಯ, ಅದನ್ನೇ ಮೊದಲು ಹೇಳಿ ಎನ್ನುತ್ತಾರೆ. ಗಮನಿಸಿ: ದನಕ್ಕೂ ಬೆಣ್ಣೆಗೂ ನಮ್ಮ ಕಿವಿಗೆ ಒಂದೇ ‘ಬೋ’ ಕೇಳುತ್ತದೆ, ಅವರಿಗೆ ಎರಡು ಬೇರೆ ಪದ. ಅನುಮಾನವಿದ್ದರೆ ಮೊಬೈಲಿನಲ್ಲಿ ಬರೆದು ತೋರಿಸಿ. ಇವೆಲ್ಲವನ್ನೂ ಊಟದ ಹೊತ್ತಿಗೆ ಹೇಳುವ ಬದಲು ಮೇಜು ಕಾಯ್ದಿರಿಸುವಾಗಲೇ ಹೇಳಿದರೆ ಅಡುಗೆಮನೆಗೆ ಸಮಯ ಸಿಗುತ್ತದೆ.

ಮೇಜಿನ ಮೇಲಿನ ನಡವಳಿಕೆ

ಬಡಿಸುವವರನ್ನು ಕರೆಯಲು ‘ಎಮ್ ಓಯ್’ ಎನ್ನಿ. ಎಮ್ ಎಂದರೆ ತಮ್ಮ ಅಥವಾ ತಂಗಿ. ನಿಮಗಿಂತ ದೊಡ್ಡವರೆನಿಸಿದರೆ ‘ಆನ್ ಓಯ್’ (ಅಣ್ಣ) ಅಥವಾ ‘ಚಿ ಓಯ್’ (ಅಕ್ಕ). ದುಬಾರಿ ಜಾಗವೆಂದು ಇದನ್ನು ಬಿಡಬೇಡಿ. ಬೆರಳು ಚಿಟಿಕೆ ಹೊಡೆಯುವುದು ಅಪಮಾನ, ಹೀಗೆ ಕರೆಯುವುದು ಆತ್ಮೀಯತೆ.

ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬೇಡಿ, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದಂತೆ. ನಡುವಿನ ತಟ್ಟೆಯಿಂದ ನೇರ ಬಾಯಿಗೆ ಒಯ್ಯದೆ ಮೊದಲು ನಿಮ್ಮ ಬಟ್ಟಲಿಗೆ ಇಳಿಸಿ, ಬಟ್ಟಲನ್ನು ಕೈಗೆತ್ತಿ ತಿನ್ನಿ. ಜೊತೆಗೆ ಹಿರಿಯರಿದ್ದರೆ ಅವರು ತೊಡಗುವವರೆಗೆ ಕಾಯಿರಿ, ಒಳ್ಳೆಯ ತುಂಡನ್ನು ಅವರ ಬಟ್ಟಲಿಗೆ ಹಾಕಿ. ಇಷ್ಟು ನಮಗೆ ಹೇಳಿಕೊಡಬೇಕಾದ್ದಿಲ್ಲ.

ಕುಡಿಯಲು ವೈನ್ ಬೇಕಾದವರಿಗೆ ಫ್ರಾನ್ಸಿನದ್ದೂ ಇಲ್ಲಿನದೇ ಬೆಟ್ಟದೂರು ದಲಾತ್‌ನದ್ದೂ ಸಿಗುತ್ತದೆ. ಕುಡಿಯದವರು ‘ಚಾನ್ ಮುಯ್’ ಕೇಳಿ, ಉಪ್ಪಿನಲ್ಲಿ ತಿಂಗಳುಗಟ್ಟಲೆ ಊರಿಟ್ಟ ನಿಂಬೆಹಣ್ಣನ್ನು ಸೋಡಾದಲ್ಲಿ ಹಿಸುಕಿ ಕೊಡುತ್ತಾರೆ. ಖಾರ ಹಾಕದ ನಿಂಬೆ ಉಪ್ಪಿನಕಾಯಿಯೇ ಅದು, ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಕೊನೆಗೆ ಕಾಫಿ. ಫ್ರೆಂಚ್ ಪಾದ್ರಿಗಳು 1857ರಲ್ಲಿ ತಂದ ಗಿಡ ಇದು. ಗಾಜಿನ ಲೋಟದ ತಳದಲ್ಲಿ ಎರಡು ಬೆರಳು ಗಟ್ಟಿ ಸಿಹಿಹಾಲು, ಮೇಲೆ ‘ಫಿನ್’ ಎಂಬ ಪುಟ್ಟ ಲೋಹದ ಸೋಸುಕ. ಹಾಲು ಸಿಗದ, ಕೆಡುತ್ತಿದ್ದ ಕಾಲದಲ್ಲಿ ಡಬ್ಬಿಯ ಹಾಲು ಅಭ್ಯಾಸವಾಯಿತು, ಅದೇ ರುಚಿಯಾಗಿ ನಿಂತಿತು. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಬೀಳುತ್ತದೆ. ಮುಚ್ಚಳ ಎತ್ತಿ ಇಣುಕಬೇಡಿ, ಚಮಚದಿಂದ ಒತ್ತಬೇಡಿ, ಐದು ನಿಮಿಷ ಸುಮ್ಮನೆ ಕೂರಿ. ತೊಟ್ಟು ನಿಂತ ಮೇಲೆ ಫಿನ್ ಎತ್ತಿ ಅದರ ಮುಚ್ಚಳವನ್ನೇ ತಲೆಕೆಳಗು ಮಾಡಿ ಅದರ ಮೇಲಿಡಿ. ತಳದಿಂದ ಕಲಸಿ ಕುಡಿಯಿರಿ. ಜೊತೆಗೆ ಸಕ್ಕರೆ ಪಾಕದ ‘ಬಾನ್ ಫ್ಲಾನ್’ ಎಂಬ ಕಸ್ಟರ್ಡ್ ಹೇಳಿ, ಅದರಲ್ಲಿ ಮೊಟ್ಟೆ ಇರುತ್ತದೆ.

ಬಿಲ್ಲು

‘ಎಮ್ ಓಯ್, ತಿನ್ ತಿಯೆನ್’ ಎಂದರೆ ಲೆಕ್ಕ ತಾ ಎಂದು. ಮೆನುವಿನ ಬೆಲೆಯ ಪಕ್ಕದಲ್ಲಿ ‘++’ ಇದ್ದರೆ ಸೇವಾ ಶುಲ್ಕವೂ ವ್ಯಾಟ್ ತೆರಿಗೆಯೂ ಬೇರೆ ಎಂದು ಅರ್ಥ. ಸೇವಾ ಶುಲ್ಕ ಸಾಮಾನ್ಯವಾಗಿ ಶೇ 5. ವ್ಯಾಟ್ ಶೇ 10, ಈಚಿನ ವರ್ಷಗಳಲ್ಲಿ ಸರ್ಕಾರ ಅದನ್ನು ತಾತ್ಕಾಲಿಕವಾಗಿ ಶೇ 8ಕ್ಕೆ ಇಳಿಸಿದೆ, ಮದ್ಯಕ್ಕೆ ಮಾತ್ರ ಇಳಿಸಿಲ್ಲ. ಹಾಗಾಗಿ ಬಿಲ್ಲಿನಲ್ಲಿ ಎರಡು ದರ ಕಂಡರೆ ಗಾಬರಿ ಬೇಡ. ಡಾಂಗ್ ಇಲ್ಲಿನ ಹಣ; 20 ಲಕ್ಷ ಡಾಂಗ್‌ನ ಊಟಕ್ಕೆ ಶೇ 5 ಸೇರಿ 21 ಲಕ್ಷ, ಅದರ ಮೇಲೆ ಶೇ 8 ಸೇರಿ 22,68,000 ಡಾಂಗ್ ಆಗುತ್ತದೆ. ಇಲ್ಲಿ ಸಾವಿರದ ನಂತರ ಅಲ್ಪವಿರಾಮದ ಬದಲು ಚುಕ್ಕೆ ಹಾಕುತ್ತಾರೆ. ಮೆನುವಿನಲ್ಲಿ ಬರೀ 285 ಎಂದಿದ್ದರೆ ಅದು 2,85,000 ಡಾಂಗ್. ಸೇವಾ ಶುಲ್ಕ ಕೊಟ್ಟ ಮೇಲೆ ಬಕ್ಷೀಸು ಕಡ್ಡಾಯವಲ್ಲ, ಆದರೆ ಎಲೆ ಸುತ್ತುವುದನ್ನು ಕಲಿಸಿದ ಹುಡುಗಿಯ ಕೈಗೆ ನಾನು 50,000 ಡಾಂಗ್ ಕೊಡುತ್ತೇನೆ, ಎರಡೂ ಕೈಯಿಂದ.

ನೋಟು ಎಣಿಸುವಾಗ ಜೋಪಾನ. 5,00,000 ಮತ್ತು 20,000 ಡಾಂಗ್‌ನ ನೋಟುಗಳೆರಡೂ ನೀಲಿ ಛಾಯೆಯವು, ಮೇಣದ ಬತ್ತಿಯ ಬೆಳಕಿನಲ್ಲಿ ಒಂದೇ ತರಹ ಕಾಣುತ್ತವೆ. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ.

ಬಿಲ್ಲನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಇಷ್ಟವಾದ ಸೊಪ್ಪಿನ, ಖಾದ್ಯದ ಹೆಸರನ್ನು ಅದರ ಹಿಂಬದಿಯಲ್ಲಿ ಬರೆಸಿಕೊಳ್ಳಿ, ಸಂತೋಷದಿಂದ ಬರೆದುಕೊಡುತ್ತಾರೆ. ಅತ್ತೆ ಆ ಸಾಸಿವೆ ಸೊಪ್ಪಿನ ಹೆಸರು ಬರೆಸಿಕೊಂಡು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಮರುದಿನ ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸಿ ಮಾರುಕಟ್ಟೆಗೆ ಹೊರಟು ನಿಂತಿದ್ದರು.